ನೆಲ ಬಾಯಿಬಿಟ್ಟ ದಿನ

ದಕ್ಷಿಣ ಸಾಗರ, ಹಡಗಿನಿಂದ
೨೮ ಜನವರಿ ೨೦೨೪

ಪ್ರೀತಿಯ ನಂದೀಶ್,

ಕ್ಷೇಮವೇ ಎಂದು ಕೇಳುವ ಹಕ್ಕನ್ನು ನಾನು ಉಳಿಸಿಕೊಂಡಿಲ್ಲ. ಆದರೂ ಕೇಳುತ್ತಿದ್ದೇನೆ. ಬೇರೆಯಾಗಿ ನಾಲ್ಕು ವರ್ಷವಾದ ಮೇಲೆ ಹೆಂಡತಿಯ ಕಾಗದವೇಕೆ ಎಂದು ಬಿಸಾಡಬೇಡಿ. ಫೋನಿನಲ್ಲಾದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆಂದು ಬರೆಯುತ್ತಿದ್ದೇನೆ.

ನಾವೀಗ ಅಂಟಾರ್ಕ್ಟಿಕಾದ ಅಂಚಿನಲ್ಲಿದ್ದೇವೆ. ಹಡಗಿನಿಂದ ನೀರಿಗೆ ಸದ್ದು ಬಿಡುತ್ತೇವೆ. ಅದು ಸಮುದ್ರದಡಿಯ ಕಲ್ಲಿನ ಪದರಗಳನ್ನು ಮುಟ್ಟಿ ಮರಳುತ್ತದೆ. ಆ ಮರುದನಿಯಿಂದ ಒಳಗಿನ ಚಿತ್ರ ಸಿಗುತ್ತದೆ. ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ ನಮ್ಮ ಪೂರ್ವ ಕರಾವಳಿ ಈ ನೆಲಕ್ಕೆ ಅಂಟಿಕೊಂಡಿತ್ತು. ಖಂಡ ಒಂದೇ ಏಟಿಗೆ ಒಡೆಯುವುದಿಲ್ಲ. ಎಳೆದಷ್ಟೂ ತೆಳುವಾಗುತ್ತದೆ, ಬಿರುಕು ಬಿಡುತ್ತದೆ, ಬಿರುಕಿನಗುಂಟ ಬೆಟ್ಟದಂಥ ತುಂಡುಗಳು ವಾಲಿ ಜಾರುತ್ತವೆ. ಆಮೇಲೆ ಸಮುದ್ರ ಒಳನುಗ್ಗುತ್ತದೆ.

ಮೊನ್ನೆ ಪರದೆಯ ಮೇಲೆ ಅಂಥ ವಾಲಿದ ತುಂಡೊಂದು ಸ್ಪಷ್ಟವಾಗಿ ಮೂಡಿತು. ನಮ್ಮ ತಂಡದ ಮುಖ್ಯಸ್ಥ ಸಣ್ಣಸ್ವಾಮಿ ಸರ್, "ಮೂರು ಕಿಲೋಮೀಟರ್ ನೀರಿನಡೀಲಿರೋ ಬಿರುಕನ್ನ ಹೆಂಗಮ್ಮ ಹಿಡಿದೆ?" ಎಂದು ಮೆಚ್ಚಿಕೊಂಡರು. ನಾನು ಪರದೆ ಬಿಟ್ಟೆದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲೆಯ ತೂಗಾಟಕ್ಕೆ ಅಂದುಕೊಂಡರು.

೨೦೧೮ರ ಆಗಸ್ಟಿನಲ್ಲಿ ಗಾಳಿಬೀಡಿನ ಮನೆಯ ಮೇಲೆ ಗುಡ್ಡ ಕುಸಿದು ಅತ್ತೆ ಹೋದರು. "ವಾರದ ಹಿಂದೆ ಜಗಳ ಆಡಿದ್ನಲ್ಲ, ಅದ್ಕೇ ಅವ್ವ ನನ್ನ ಕರೀಲಿಲ್ಲ. ಒಂದು ಮಾತು ಹೇಳಿದ್ರೆ ಮಡಿಕೇರಿಯಿಂದ ಅರ್ಧ ಗಂಟೇಲಿ ಜೀಪ್ ತಗೊಂಡು ಹೋಗ್ತಿದ್ದೆ," ಎಂದು ನೀವು ಎಷ್ಟು ಸಲ ಹೇಳಿದಿರೋ. ಹೇಳಿ ಹೇಳಿ ಕೊನೆಗೆ ಮಾತನ್ನೇ ಬಿಟ್ಟಿರಿ. ನಿಮ್ಮ ದುಃಖ ನನಗೆ ಸಾಕಾಯಿತು, ಅದಕ್ಕೇ ಮನೆ ಬಿಟ್ಟೆ ಎಂದು ಎಲ್ಲರೂ ತಿಳಿದರು. ನಾನೂ ತಿದ್ದಲಿಲ್ಲ.

ಅತ್ತೆ ಕರೆದಿದ್ದರು. ನನ್ನನ್ನು.

ಅಂದು ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. "ಹಿತ್ಲಲ್ಲಿ ನೆಲ ಬಾಯಿ ಬಿಟ್ಟದೆ ಕಣವ್ವ. ಆಗ ಬೆರಳು ಹೋಗ್ತಿತ್ತು, ಈಗ ಮುಷ್ಟಿ ಹೋಗ್ತದೆ. ನಂದೀನ ಕರೀಲಾ? ನೀನು ಕಲ್ಲು ಮಣ್ಣು ಓದ್ದೋಳು, ನೀನೇ ಹೇಳು." ಮರುದಿನ ಈ ಕೆಲಸದ ಸಂದರ್ಶನವಿತ್ತು. ಮುಂದೆ ನಕ್ಷೆಗಳನ್ನು ಹರಡಿಕೊಂಡು ಕೂತಿದ್ದೆ. "ಮಳೇಲಿ ಮಣ್ಣು ಹಂಗೇ ಅತ್ತೆ, ಏನಾಗಲ್ಲ. ಅವರನ್ನ ಸುಮ್ನೆ ಗಾಬರಿ ಮಾಡ್ಬೇಡಿ," ಅಂದೆ. ನನ್ನ ಮಾತು ನಂಬಿ ಅವರು ನಿಮಗೆ ಫೋನ್ ಮಾಡಲಿಲ್ಲ. ಮೂರು ಗಂಟೆಗೆ ಗುಡ್ಡ ಬಂತು. ನೀವು ಬರಿಗೈಯಲ್ಲಿ ಕೆಸರು ತೋಡುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದೆ. ಹೇಳಲಿಲ್ಲ.

ಕ್ಷಮೆ ಕೇಳುತ್ತಿಲ್ಲ. ತಪ್ಪು ನಿಮ್ಮದಲ್ಲ, ಅದು ನಿಮಗೆ ಗೊತ್ತಾಗಬೇಕು, ಅಷ್ಟೇ. ಕೇಪ್ ಟೌನಿನಲ್ಲಿ ಇಳಿದ ಕೂಡಲೇ ಇದನ್ನು ಅಂಚೆಗೆ ಹಾಕುತ್ತೇನೆ.

ನಿಮ್ಮವಳು ಎಂದು ಬರೆಯಲು ಕೈ ಏಳದ,
ಕುಸುಮಾ

ತಾ.ಕ.: ಫೋನ್ ಇಡುವ ಮುಂಚೆ ಅತ್ತೆ ಇನ್ನೊಂದು ಮಾತು ಹೇಳಿದ್ದರು: "ನಂದಿಗೆ ಹೇಳು, ನಂಗೇನೂ ಸಿಟ್ಟಿಲ್ಲ. ಭಾನುವಾರ ಬರ್ಲಿ, ಕಳಲೆ ಸಾರು ಮಾಡ್ತೀನಿ." ಅದನ್ನು ಹೇಳಿದರೆ ಫೋನಿನ ವಿಷಯವೂ ಹೊರಬೀಳುತ್ತಿತ್ತು. ಹಾಗಾಗಿ ಐದೂವರೆ ವರ್ಷ ಅದನ್ನೂ ನಿಮ್ಮಿಂದ ಮುಚ್ಚಿಟ್ಟೆ.