ಬಸ್ರಮ್ಮನ ಕಾಲಿಗೆ ಬಂದ ನೀರು

ಮಡಗಾಂವ್, ಗೋವಾ
11 ನವೆಂಬರ್ 2025, ಮಂಗಳವಾರ ರಾತ್ರಿ

ಗಂಗಕ್ಕಾ,

ಇವತ್ತಿನ ಗೋಳು ಬೆಳಿಗ್ಗೆಗೇ ಮುಗಿಯಲಿಲ್ಲ ನೋಡು, ಮಧ್ಯಾಹ್ನ ನಮ್ಮ ನಾಣ್ಯದ ಅಂಗಡಿಗೆ ಇನ್ನೊಬ್ಬ ಬಂದ. ಬೆಳಿಗ್ಗೆಯೇ ಸಾಹುಕಾರನಿಂದ ಬೈಸಿಕೊಂಡಿದ್ದೆ. 1912ರ ಇಂಗ್ಲೆಂಡಿನ ಪೆನ್ನಿ ನಾಣ್ಯಗಳಲ್ಲಿ ಇಸವಿಯ ಎಡಕ್ಕೆ ಸಾಸಿವೆಯಷ್ಟು ಸಣ್ಣ ಎಚ್ ಅಕ್ಷರ ಇರುವವು ಬೇರೆ ಟಂಕಸಾಲೆಯವು, ಅವನ್ನು ಬೇರೆ ಡಬ್ಬಿಗೆ ಹಾಕಬೇಕು. ನಾನು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದೆ. ಅದನ್ನು ಮತ್ತೆ ಆರಿಸುತ್ತ ಕೂತಿರುವಾಗ ಈ ಮನುಷ್ಯ ತನ್ನ ಅಜ್ಜಿಯ ನಾಣ್ಯ ತಂದ. ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಹೊಸ ಚೊಂಬಿನ ಹಾಗೆ ಮಾಡಿದ್ದಾನೆ. ಗುರುತು ಹಿಡಿಯಲು ಅದರಲ್ಲಿ ಏನೂ ಉಳಿದಿಲ್ಲ ಅಂದೆ. ನಾನೇ ಒಳ್ಳೆಯದನ್ನು ಅದಲುಬದಲು ಮಾಡಿ ಇದನ್ನು ಅವನ ಕೈಗೆ ಕೊಟ್ಟೆ ಎಂದು ಕೂಗಾಡಿದ. ಅದಲುಬದಲು ಎಂಬ ಮಾತು ಕೇಳಿದ್ದೇ ಡಬ್ಬಿ ಮುಚ್ಚಿ ಎದ್ದುಬಿಟ್ಟೆ. ಮೈ ಇಲ್ಲಿದೆ, ತಲೆ ಕೊಟ್ಟೂರಿನ ಮನೆಯಲ್ಲಿದೆ.

ನಿನ್ನ ಕ್ರಾಂತಿಯ ಮೊದಲ ಹುಟ್ಟುಹಬ್ಬಕ್ಕೆ ಬರಲಾಗಲಿಲ್ಲ, ಫೋನೂ ಮಾಡಲಿಲ್ಲ. ಬೇಸರ ಮಾಡಿಕೊಳ್ಳಬೇಡ. ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದ್ದೇನೆ, ಒಂದನ್ನಂತೂ ಬಹಳ ಹೊತ್ತು ನೋಡಿದ್ದೇನೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಇದನ್ನು ಧ್ವನಿಯಾಗಿಯೇ ಕಳಿಸಬಹುದಿತ್ತು. ಕಳಿಸಿದರೆ ನೀನು ರೊಟ್ಟಿ ಬಡಿಯುತ್ತ ಸ್ಪೀಕರಿನಲ್ಲಿ ಹಾಕುತ್ತೀಯ, ಭಾವ ಕೇಳುತ್ತಾರೆ, ನಿನ್ನ ಅತ್ತೆ ಕೇಳುತ್ತಾರೆ. ಅದಕ್ಕೇ ಫೋನಿಗೆ ಹೇಳಿ ಅಕ್ಷರ ಮಾಡಿಸುತ್ತಿದ್ದೇನೆ. ಈ ಫೋನಿಗೆ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ, ‘ಐತಿ’ ಅಂದರೆ ‘ಅತಿಥಿ’ ಎಂದು ಬರೆಯುತ್ತದೆ. ಹಾಗಾಗಿ ಶಾಲೆಯಲ್ಲಿ ಪಾಠ ಓದಿದ ಹಾಗೆ ಮಾತಾಡುತ್ತಿದ್ದೇನೆ, ನಗಬೇಡ. ಜನ ಆಡಿದ್ದನ್ನು ಮಾತ್ರ ಆಮೇಲೆ ಕೈಯಲ್ಲಿ ತಿದ್ದುತ್ತೇನೆ. ಇದನ್ನು ನೀನೊಬ್ಬಳೇ ಓದು.

ಭಾನುವಾರ ಬೊಮ್ಮಪ್ಪ ಕಾಕಾ ಮತ್ತು ಅತ್ತಿಗೆಯ ಕಡೆಯ ಹಿರಿಯರು ಅವಳ ತವರು ಹಗರಿಬೊಮ್ಮನಹಳ್ಳಿಯಲ್ಲಿ ಸೇರುತ್ತಾರೆ. ಅಣ್ಣ ಹಿಡಿದದ್ದು ಒಂದೇ ಹಟ. “ಬರೋದಾದ್ರ ಅಮ್ಮನ್ನ ತಗೊಂಡು ಬರ್ಲಿ. ಇಲ್ಲಾಂದ್ರ ಅಲ್ಲೇ ಇರ್ಲಿ.” ಶಾಂಭವಿ ಅತ್ತಿಗೆ ತನ್ನ ಹತ್ತಿರ ಇಲ್ಲದ ಬಸ್ರಮ್ಮನನ್ನು, ನಮ್ಮ ಮನೆದೇವರಾದ ಆ ಪೆನ್ನಿಯನ್ನು, ಎಲ್ಲಿಂದ ತರಬೇಕು? ಭಾನುವಾರದ ಒಳಗೆ ನಿಜ ಗೊತ್ತಾಗದಿದ್ದರೆ ಅವಳ ಸಂಸಾರ ಅಲ್ಲಿಗೆ ಮುಗಿಯಿತು. ಹೆಸರು ಕಳ್ಳಿ ಎಂದೇ ಉಳಿಯುತ್ತದೆ.

ಕಿಡಿ ಹಾಕಿದವನು ನಾನೇ ಎಂದು ನಿನಗೆ ಅವ್ವ ಹೇಳಿರುತ್ತಾಳೆ. ನಡೆದದ್ದು ಹೀಗೆ. ಅಣ್ಣ ಯಾವುದೋ ರೀಲು ನೋಡಿ ದೇವರ ಜಗಲಿಯ ಮೇಲಿನ ಬಸ್ರಮ್ಮನ ಫೋಟೊ ಹೊಡೆದು ನನಗೆ ಕಳಿಸಿದ. ಫೋನೂ ಮಾಡಿದ.

“ಲೇ ಗುರ್ಯಾ, ಇದಕ್ಕ ಎಷ್ಟು ಬರ್ತೈತಿ ನೋಡ್ಲೇ. ಲಕ್ಷದ ಮ್ಯಾಲ ಮಾತಾಡ್ತಾರ ಇದ್ರಾಗ.”

ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. “ಅಣ್ಣಾ, ಇದು ನಮ್ಮ ಬಸ್ರಮ್ಮ ಅಲ್ಲ.”

“ಯಾಕ, ಅಕಿ ಆಧಾರ್ ಕಾರ್ಡ್ ಕೇಳಿದ್ಯೇನು?”

“ನೀರು ನೋಡು. ನೀರು ಮ್ಯಾಲ ಬಂದೈತಿ.”

ನಿನಗೂ ಇದನ್ನು ಬಿಡಿಸಿ ಹೇಳಬೇಕು. 1902ನೇ ಇಸವಿಯ ಪೆನ್ನಿಯಲ್ಲಿ ಎರಡು ಅಚ್ಚುಗಳಿವೆ. ಎರಡರಲ್ಲೂ ಒಂದು ಬದಿಗೆ ಅದೇ ಗಡ್ಡದ ಬೋಳುತಲೆ ರಾಜ, ಇನ್ನೊಂದು ಬದಿಗೆ ತ್ರಿಶೂಲ ಹಿಡಿದು ಕೂತ ಹೆಂಗಸು, ಅವಳ ಹಿಂದೆ ಸಮುದ್ರದ ಗೆರೆ. ಎಲ್ಲ ಕಡೆ ಸಿಗುವ ಅಚ್ಚಿನಲ್ಲಿ ಆ ಗೆರೆ ಅವಳ ಕಾಲಿನ ಮೇಲೆ ಕಾಲು ಬಂದ ಜಾಗದ ತನಕ ಇರುತ್ತದೆ. ಅಪರೂಪದ ಅಚ್ಚಿನಲ್ಲಿ ಅದಕ್ಕಿಂತ ಕೆಳಗೇ ನಿಂತುಬಿಡುತ್ತದೆ. ಸಮುದ್ರ ಇಳಿದಿರುವ ಪೆನ್ನಿ ಎನ್ನುತ್ತೇವೆ. ನಮ್ಮ ಬಸ್ರಮ್ಮ ಅದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಜಗಲಿಯ ಮುಂದೆ ಕೂತು ಫೋಟೊ ತೆಗೆದು ಸಾಹುಕಾರನಿಗೆ ತೋರಿಸಿದ್ದೆ, ಆ ಫೋಟೊ ಇನ್ನೂ ಇದೆ. ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಮುಖ ಅಳಿಸಬಹುದೇ ಹೊರತು ಸಮುದ್ರ ಮೇಲೆ ಬರುವುದಿಲ್ಲ.

ಅಣ್ಣನ ಫೋನೂ ಸ್ಪೀಕರಿನಲ್ಲಿತ್ತು. ಅವ್ವ ಹಿಂದಿನಿಂದ ಹೇಳಿದ್ದು ನನಗೆ ಕೇಳಿಸಿತು. “ಹೊರಗಿಂದ ಬಂದಾಕಿ ಈ ಮನ್ಯಾಗ ಒಬ್ಬಾಕೇ ಅದಾಳ. ಇನ್ಯಾರನ್ನ ಕೇಳ್ಬೇಕು?” ನನಗೆ ಅಂದೇ ಒಂದು ಅನುಮಾನ ಬರಬೇಕಿತ್ತು. ಅಮ್ಮ ಬದಲಾಗಿದ್ದಾಳೆ ಎಂದಾಗ ಯಾರಾದರೂ ಮೊದಲು ಎದ್ದು ಹೋಗಿ ಜಗಲಿ ನೋಡುತ್ತಾರೆ. ಅವ್ವ ಎದ್ದೇ ಇಲ್ಲ. ನೋಡದೆಯೇ ಅತ್ತಿಗೆಯ ಮೇಲೆ ಹಾಕಿದಳು.

ರಜೆ ಕೇಳುವಾಗ ಸಾಹುಕಾರನಿಗೆ ಎಲ್ಲ ಹೇಳಬೇಕಾಯಿತು. ಅವನು ನಂಬಲೇ ಇಲ್ಲ. ನಮ್ಮ ಮುತ್ತಜ್ಜ ಬೆನಕಪ್ಪ ಮೊದಲ ಮಹಾಯುದ್ಧದಲ್ಲಿ ಹೇಸರಗತ್ತೆ ಕಾಯಲು ಇರಾಕಿನ ಬಸ್ರಾಕ್ಕೆ ಹೋಗಿದ್ದು, ಬರುವಾಗ ಯಾರೋ ಸಿಪಾಯಿ ಕೊಟ್ಟ ಇದನ್ನು ತಂದಿದ್ದು, ತ್ರಿಶೂಲ ನೋಡಿದ್ದೇ ಮುತ್ತಜ್ಜಿ ಕೈಮುಗಿದು ಜಗಲಿಗೆ ಏರಿಸಿದ್ದು, ಬಸ್ರಾದ ಅಮ್ಮ ಜನರ ಬಾಯಲ್ಲಿ ಬಸ್ರಮ್ಮ ಆಗಿದ್ದು. ಬಸ್ರಮ್ಮ ಎಂದ ಮೇಲೆ ಬಸುರಿಯರ ಅಮ್ಮ ಅಲ್ಲದೆ ಇನ್ನೇನು? ನಮ್ಮ ಮನೆಯಲ್ಲಿ ಬಸುರಿಯಾದ ಹೆಂಗಸರು ಮಂಗಳವಾರ ಮಂಗಳವಾರ ಆ ಪೆನ್ನಿ ತೊಳೆದ ನೀರು ಕುಡಿಯುತ್ತಾರೆ ಎಂದಾಗ ಸಾಹುಕಾರ ಕನ್ನಡಕ ತೆಗೆದಿಟ್ಟ. ಅವಳ ಹೆಸರು ಬ್ರಿಟಾನಿಯಾ ಕಣಯ್ಯಾ, ಬಿಸ್ಕೆಟ್ ಪೊಟ್ಟಣದ ಮೇಲೆ ಇರುತ್ತದಲ್ಲ ಅದೇ ಹೆಸರು ಎಂದ. ಇರಬಹುದು. ಆ ಹೆಸರಿಟ್ಟು ಕರೆದರೆ ನಮ್ಮಲ್ಲಿ ಯಾರೂ ಹೊರಳಿ ನೋಡುವುದಿಲ್ಲ.

ಕೊಟ್ಟೂರಿಗೆ ಹೋದಾಗ ನನ್ನ ಮೊದಲ ಅನುಮಾನ ಅಣ್ಣನ ಮೇಲಿತ್ತು. ರೀಲಿನ ಹುಚ್ಚಿಗೆ ತಾನೇ ಮಾರಿ, ಬೇರೆ ತಂದಿಟ್ಟು, ಈಗ ನಾಟಕ ಆಡುತ್ತಿರಬಹುದು ಅನಿಸಿತ್ತು. ಮೆಲ್ಲಗೆ ಕೆದಕಿದೆ. ಅವನು ನಕ್ಕ.

“ಕದ್ದಾಂವ ನಿನಗ್ಯಾಕ ಫೋಟೊ ಕಳಿಸ್ತಾನಲೇ, ಹುಚ್ಚಪ್ಪ. ಹಂಗ ನೋಡಿದ್ರ ನನಗ ನಿನ್ನ ಮ್ಯಾಲೇ ಡೌಟು. ಗೋವಾದಾಗ ನಿಂದು ಅದೇ ಧಂದೆ ಅಲ್ಲೇನು?”

ಒಂದು ಮನೆಯಲ್ಲಿ ಹುಟ್ಟಿದವರು ಹೀಗೆ ಒಬ್ಬರ ಜೇಬು ಒಬ್ಬರು ನೋಡುತ್ತ ಊಟಕ್ಕೆ ಕೂತಿದ್ದೆವು. ಅವ್ವ ಬಡಿಸುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಊಟವಾದ ಮೇಲೆ ಜಗಲಿಯ ಮುಂದೆ ಕೂತೆ. ಕುಂಕುಮ ಒರೆಸಿ, ಭೂತಗನ್ನಡಿ ಹಿಡಿದು ನೋಡಿದೆ. ಅದೇ ಇಸವಿ, ಅದೇ ರಾಜ, ಸಮುದ್ರ ಮಾತ್ರ ಮೇಲೆ. ಬದಲಾಯಿಸಿದವರು ಕಣ್ಣುಮುಚ್ಚಿ ಯಾವುದೋ ಬಿಲ್ಲೆ ಇಟ್ಟಿಲ್ಲ, ಇಸವಿ ನೋಡಿ ಆರಿಸಿದ್ದಾರೆ. ಕೊಟ್ಟೂರಿನಲ್ಲಿ 1902ರ ಪೆನ್ನಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ತಿರುಗಿಸಿದೆ. ರಾಜನ ಬೋಳುತಲೆಯ ಮೇಲೆ ಹಳದಿ ಬಣ್ಣದ ಅಂಟು ಒಣಗಿ ಕೂತಿತ್ತು. ಅರಿಸಿನ ಅಂದುಕೊಂಡೆ. ಉಗುರಿನಿಂದ ಕೆರೆದೆ. ಅರಿಸಿನ ಪುಡಿಯಾಗುತ್ತದೆ, ಇದು ರಬ್ಬರಿನ ಹಾಗೆ ಸುತ್ತಿಕೊಂಡು ಬಂತು.

ಅಷ್ಟರಲ್ಲಿ ಅವ್ವ ಬಂದು ಕೈಯಿಂದ ಕಸಿದುಕೊಂಡಳು.

“ಅಮ್ಮನ್ನ ಬೋರಲ ಹಾಕಬ್ಯಾಡೋ. ಪಾಪ ಸುತ್ಕೊಳ್ತೈತಿ.”

“ಇದು ಅಮ್ಮ ಅಲ್ಲ ಅಂತ ನೀನೇ ಅಂತೀಯಲ್ಲಬೇ. ಬೋರಲ ಹಾಕಿದ್ರ ಏನಾತು?”

ಅವಳು ಪೆನ್ನಿಯನ್ನು ಇಟ್ಟು, ಮೇಲೆ ಅಷ್ಟು ಕುಂಕುಮ ಸುರಿದಳು, ಸಮುದ್ರವೂ ಕಾಣಬಾರದು, ತ್ರಿಶೂಲವೂ ಕಾಣಬಾರದು ಅನ್ನುವ ಹಾಗೆ.

ಆ ಅಂಟು ನನಗೆ ಗೊತ್ತು ಅಕ್ಕಾ. ನಮ್ಮ ಅಂಗಡಿಯಲ್ಲಿ ಎಲ್ಲೆಲ್ಲೂ ಸಿಗುವ ಪೆನ್ನಿಗಳನ್ನು ಪ್ರವಾಸಿಗರಿಗಾಗಿ ಫ್ರಿಜ್ಜಿನ ಮ್ಯಾಗ್ನೆಟ್ ಮಾಡುತ್ತೇವೆ, ರಾಜನ ಬದಿಗೆ ಅಂಟು ಹಚ್ಚಿ. ನೀನು ಹರಪನಹಳ್ಳಿಯಲ್ಲಿ ಹೊಸ ಫ್ರಿಜ್ ತಂದಾಗ ನಾಲ್ಕು ಮ್ಯಾಗ್ನೆಟ್ ತಂದುಕೊಟ್ಟಿದ್ದೆ. ನಮ್ಮ ಅಮ್ಮನ ಇಸವಿಯದೇ ಒಂದಿರಲಿ ಎಂದು 1902ನ್ನು ಆರಿಸಿ ಹಾಕಿದ್ದೆ. ನೀನು ಅದನ್ನು ನೋಡಿ ನಕ್ಕಿದ್ದೆ. “ಅಯ್ಯ, ಇಕಿ ನಮ್ಮ ಬಸ್ರಮ್ಮನ ತಂಗಿ ಇದ್ದಂಗ ಅದಾಳಲ್ಲೋ. ಯಾರ ಮುಂದ ಇಟ್ರೂ ಗುರ್ತು ಸಿಗಂಗಿಲ್ಲ.”

ಕ್ರಾಂತಿ ಕೇಕಿಗೆ ಕೈ ಹಾಕಿರುವ ಫೋಟೊದಲ್ಲಿ ಹಿಂದೆ ನಿಮ್ಮ ಫ್ರಿಜ್ ಕಾಣುತ್ತದೆ. ಮಗುವಿನ ಮುಖ ಬಿಟ್ಟು ನಾನು ಅದನ್ನೇ ದೊಡ್ಡದು ಮಾಡಿ ನೋಡಿದೆ. ಮೂರು ಪೆನ್ನಿ ಇವೆ. ನಾಲ್ಕನೆಯ ಜಾಗದಲ್ಲಿ ಬರೀ ಕರಿ ಮ್ಯಾಗ್ನೆಟ್ ಕೂತಿದೆ. ಸೋದರಸೊಸೆಯ ಮೊದಲ ಹುಟ್ಟುಹಬ್ಬದ ಫೋಟೊವನ್ನು ಹೀಗೆ ನೋಡಬೇಕಾಯಿತಲ್ಲ.

ಅತ್ತಿಗೆಯ ಮೇಲೆ ಮಾತು ಬಂದ ದಿನ ನೀನು ಫೋನಿನಲ್ಲಿ ನನಗೆ ಅಂದದ್ದೂ ನೆನಪಿದೆ. “ಪಾಪ ಬಿಡು, ಸಣ್ಣಾಕಿ. ಏನೋ ಆಸಿ ಪಟ್ಟಿರಬೇಕು.” ಆವತ್ತು ನೀನು ಅವಳ ಪರ ಮಾತಾಡುತ್ತಿದ್ದೀಯ ಅಂದುಕೊಂಡೆ. ಈಗ ಆ ಮಾತನ್ನು ತಿರುಗಿಸಿ ನೋಡಿದರೆ ಅದರ ಹಿಂದೆಯೂ ಅಂಟು ಇದೆ.

ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಬೈ. ಎರಡು ಸಲ ನಿನಗೆ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಸೀಮಂತಕ್ಕೆ ಕೊಟ್ಟೂರಿಗೆ ಬಂದಾಗ ಅವ್ವ ನಿನ್ನನ್ನು ಬರಿಗೈಯಲ್ಲಿ ಕಳಿಸಲು ಹೆದರಿ ನಿಜವಾದ ಬಸ್ರಮ್ಮನನ್ನೇ ನಿನ್ನ ಮಡಿಲಿಗೆ ಹಾಕಿದಳು. ಮನೆದೇವರು ಹೆಣ್ಣುಮಗಳ ಹಿಂದೆ ಹೋಗಬಾರದು. ಹೋಯಿತೆಂದು ಕಾಕಾನಿಗೆ ತಿಳಿದರೆ ಊರು ಎದ್ದು ಕೂರುತ್ತದೆ. ಅದಕ್ಕೇ ಜಾಗ ಖಾಲಿ ಇರಬಾರದಿತ್ತು. ಮ್ಯಾಗ್ನೆಟ್ಟಿನಿಂದ ಪೆನ್ನಿ ಕಿತ್ತು ತಂದವಳು ನೀನೇ ಇರಬೇಕು. ಅವ್ವನಿಗೆ ಹರಪನಹಳ್ಳಿ ತನಕ ಬಂದು ಅಳಿಯನ ಫ್ರಿಜ್ಜಿಗೆ ಕೈ ಹಚ್ಚುವಷ್ಟು ಧೈರ್ಯ ಇಲ್ಲ.

ಒಯ್ದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಒಯ್ಯುತ್ತಿದ್ದೆನೇನೋ. ಆದರೆ ಅತ್ತಿಗೆ ಬ್ಯಾಗು ಹಿಡಿದು ಬಸ್ ಹತ್ತಿದ ದಿನ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಡಬೇಕಿತ್ತು.

ವಾಪಸು ಬರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಅವರ ಮನೆಗೆ ಹೋದೆ. ಅತ್ತಿಗೆಯ ತಾಯಿ ಮರುಳಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದರು.

“ಬಾರಪಾ, ಕಳ್ಳೀನ ನೋಡಾಕ ಬಂದಿ? ಒಳಗ ಅದಾಳ. ನಮ್ಮ ಡಬ್ಬಿ, ಡಬರಿ ಎಲ್ಲಾ ತಗದು ನೋಡು. ನಿಮ್ಮನೀವು ಇನ್ನೂ ಏನೇನು ಅದಾವೋ.”

ಒಳಗಿಂದ ಅತ್ತಿಗೆ, “ಯವ್ವಾ, ಸುಮ್ನಿರು. ಅವ್ರು ಬಂದಾರಲ್ಲ, ಅಷ್ಟ ಸಾಕು,” ಅಂದಳು. ಶೇಂಗಾ ಸುಲಿಯುತ್ತಿದ್ದಳು, ಎದ್ದು ಚಹಾ ಇಟ್ಟಳು. ಇಳಿದುಹೋಗಿದ್ದಾಳೆ ಅಕ್ಕಾ. ನಾನು ಒಂದು ತಾಸು ಕೂತೆ. ಗೊತ್ತಿದ್ದದ್ದನ್ನು ಹೇಳಲಿಲ್ಲ, ಹೇಳಿದರೆ ನಿನ್ನ ಹೆಸರು ಅವರ ಅಂಗಳದಲ್ಲಿ ಬೀಳುತ್ತಿತ್ತು. ನೀನಾಗಿ ಹೇಳಲಿ ಎಂದು ಸುಮ್ಮನೆ ಬಂದೆ. ಶನಿವಾರ ರಾತ್ರಿಯ ತನಕ ಮಾತ್ರ ಸುಮ್ಮನಿರುತ್ತೇನೆ. ಆಮೇಲೆ ಬಸ್ರಮ್ಮನ ಹಳೆಯ ಫೋಟೊ, ನಿನ್ನ ಫ್ರಿಜ್ಜಿನ ಫೋಟೊ ಎರಡನ್ನೂ ಬೊಮ್ಮಪ್ಪ ಕಾಕಾನಿಗೆ ಕಳಿಸುತ್ತೇನೆ. ಇದು ಬೆದರಿಕೆ ಅಲ್ಲ, ನಾನು ಹೀಗೆ ಮಾಡುವವನಿದ್ದೇನೆ ಎಂದು ನಿನಗೆ ಮೊದಲೇ ತಿಳಿದಿರಲಿ ಅಷ್ಟೆ.

ಭಾವನಿಗೆ, ನಿನ್ನ ಅತ್ತೆಗೆ ನಮಸ್ಕಾರ ಹೇಳು. ಕ್ರಾಂತಿಗೆ ಸೋದರಮಾವನ ಮುತ್ತು. ಅವಳ ಹಲ್ಲು, ಹೆಜ್ಜೆ ಎಲ್ಲ ಹೊತ್ತುಹೊತ್ತಿಗೆ ಬರಲಿ, ಯಾರ ದೃಷ್ಟಿಯೂ ತಾಗದಿರಲಿ. ನನ್ನದೂ ಸೇರಿ.

ನಿನ್ನ ತಮ್ಮ,
ಗುರುಶಾಂತ

ಮರೆತು ಬಿಟ್ಟದ್ದಲ್ಲ, ಮೇಲೆ ಹೇಳಲು ಆಗದೆ ಉಳಿಸಿಕೊಂಡದ್ದು: ನೀನು ಸೀಮಂತಕ್ಕೆ ಬಂದಾಗ ಅತ್ತಿಗೆಗೆ ಮೂರು ತಿಂಗಳಾಗಿತ್ತು. ಮನೆಯಲ್ಲಿ ಇಬ್ಬರು ಬಸುರಿಯರು, ಅಮ್ಮ ಒಬ್ಬಳು. ನಿನ್ನನ್ನು ಕಳಿಸಿದ ಮೇಲೂ ಅವ್ವ ಮಂಗಳವಾರ ಮಂಗಳವಾರ ಜಗಲಿಯ ಪೆನ್ನಿ ತೊಳೆದು ಅತ್ತಿಗೆಗೆ ನೀರು ಕೊಟ್ಟಳು. ಐದನೇ ತಿಂಗಳಲ್ಲಿ ಅವಳ ಬಸಿರು ಹೋಯಿತು. ಆಗ ಅವ್ವ ಅವಳಿಗೆ ಏನಂದಳೋ ನನಗೆ ಗೊತ್ತಿರಲಿಲ್ಲ. ಚಹಾ ಕೊಡುವಾಗ ಅತ್ತಿಗೆಯೇ ಹೇಳಿದಳು.

“ಗುರುಶಾಂತ, ಕಳ್ಳಿ ಅಂದ್ರ ಅನ್ಲಿ. ನಾ ಕುಡದ ನೀರು ಬಸ್ರಮ್ಮಂದೋ, ಅಲ್ಲೋ, ಅಷ್ಟ ಹೇಳು ನನಗ. ಭಕ್ತಿ ಇಲ್ದ ಕುಡದಿ, ಅದಕ್ಕ ನಿಲ್ಲಲಿಲ್ಲ ಅಂದ್ರು ಅತ್ತಿ. ನಾ ಭಕ್ತಿಯಿಂದನ ಕುಡದಿದ್ನಿ. ಆದ್ರೂ ಎಲ್ಲಿ ತಪ್ಪೇನೋ ಅಂತ ವರ್ಷ ಆತು ಹುಡಕಾಕತ್ತೀನಿ.”

ತಾಮ್ರದ ಬಿಲ್ಲೆ ಅದು, ತೊಳೆದ ನೀರಿನಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೆ ಬೇಕಾದದ್ದು ಆ ಮಾತಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕಾದವಳು ನೀನು. ಮರುಳಸಿದ್ದಮ್ಮ ಹನ್ನೊಂದಕ್ಕೆ ಹೊಲಕ್ಕೆ ಹೋಗುತ್ತಾರೆ, ಆಮೇಲೆ ಮನೆಯಲ್ಲಿ ಅತ್ತಿಗೆ ಒಬ್ಬಳೇ. ಫೋನ್ ಮಾಡು, ನನಗಲ್ಲ, ಅವಳಿಗೆ. ನಾಳೆ ಹನ್ನೊಂದೂವರೆಗೆ.