ಉಪ್ಪು ಹೆಚ್ಚಾದ ಡಬ್ಬಿ

ಬಳ್ಳಾರಿ
ಸೋಮವಾರ, 10–3–2025

ನನ್ನ ಬಂಗಾರ ಶಾಂಭವಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಕ್ಷೇಮವೇನೂ ಇಲ್ಲವ್ವ. ನಿಮ್ಮ ಮಾವ ಪೇಪರನ್ನು ಕೈಯಲ್ಲಿ ಹಿಡಿದುಕೊಂಡು ಓದದೆ ಕೂತಿರುತ್ತಾರೆ. ಚನ್ನು ಅಂಗಡಿಯಿಂದ ಬಂದವನೇ ನಾಲ್ಕು ತುತ್ತು ಉಂಡು ಮಾಳಿಗೆ ಹತ್ತಿಬಿಡುತ್ತಾನೆ, ನಿನ್ನ ಗಂಡನಿಗೆ ಮನೆಯಲ್ಲಿ ಇನ್ನೊಂದು ಜೀವ ಇದೆ ಎನ್ನುವುದೇ ಮರೆತಂತಿದೆ. ನಾನು ಅಡಿಗೆಮನೆಯಲ್ಲಿ ಒಬ್ಬಳೇ ಬೈಯುತ್ತ ತಿರುಗುತ್ತೇನೆ, ಬೈಸಿಕೊಳ್ಳಲು ಯಾರೂ ಇಲ್ಲ. ನಿನ್ನ ಫೋನ್ ಬಂದ್ ಇದೆ. ನಿಮ್ಮ ಅವ್ವನವರ ಫೋನಿಗೆ ಮಾಡಿದರೆ ನೀನು ತಲೆ ಅಲ್ಲಾಡಿಸಿ ಗೋಡೆಯ ಕಡೆ ಹೊರಳುತ್ತೀಯಂತೆ. ಅದಕ್ಕೇ ಈ ಕಾಗದ. ಓದುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲವಲ್ಲ.

ಹೋದ ವಾರ ಬಿಸ್ಕತ್ತಿನ ಡಬ್ಬಿ ಕಳಿಸಿದಾಗ ಅದರಲ್ಲಿ ಒಂದು ಚೀಟಿಯನ್ನೂ ಇಟ್ಟಿರಲಿಲ್ಲ. ಫ್ರಿಜ್ಜಿನಲ್ಲಿ ನೀನು ಬಿಟ್ಟುಹೋದ ಚೀಸು ಕೆಡುತ್ತದೆ, ಅದಕ್ಕೆ ಮಾಡಿದೆ ಎಂದು ನಿಮ್ಮ ಅವ್ವನವರಿಗೆ ಫೋನಿನಲ್ಲಿ ಹೇಳಿದೆ. ಅದು ಸುಳ್ಳು. ಆ ಚೀಸು ನೀನು ಹೋದ ಮೇಲೆ ನಾನೇ ಅಂಗಡಿಗೆ ಹೋಗಿ ತಂದದ್ದು. ಮೊದಲ ಸಲ ಚೀಸ್ ಕೇಳಿದ್ದಕ್ಕೆ ಅಂಗಡಿಯವನು ನನ್ನ ಹಣೆಯ ವಿಭೂತಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ.

ಯಾಕೆ ತಂದೆ ಅಂತ ಹೇಳುತ್ತೇನೆ. ನೀನು ಆಸ್ಪತ್ರೆಯಿಂದ ಬಂದು ಒಳಕೋಣೆಯಲ್ಲಿ ಮಲಗಿದ್ದಾಗ ಕುರುಗೋಡಿನಿಂದ ನಮ್ಮ ಅಕ್ಕ ಪಕ್ಕೀರಮ್ಮ ಮಾತಾಡಿಸಲು ಬಂದಿದ್ದಳಲ್ಲ. ಪಡಸಾಲೆಯಲ್ಲಿ ಕೂತು, ನಿನ್ನ ಓವನ್ನಿನ ಮಾತೆತ್ತಿ, ಆ ಬೆಂಕಿ ಪೆಟಿಗಿ ಮುಂದ ನಿಂತು ನಿಂತು ಹೊಟ್ಟಿಗೆ ಕಾವು ತಾಗೇತಿ, ಕೂಸು ಹೆಂಗ ನಿಂತೀತು ಅಂದಳು. ನಾನು ಚಹದ ಕಪ್ಪು ಅವಳ ಕೈಗೆ ತುರುಕಿ ಮಾತು ಬದಲಿಸಿದೆ. ನಿನಗೆ ನಿದ್ದೆ ಹತ್ತಿದೆ ಅಂದುಕೊಂಡಿದ್ದೆ. ಮರುದಿನ ನಿಮ್ಮ ಅಪ್ಪ ಬಂದು ನಿನ್ನನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದರು. ಚನ್ನು ನಿನ್ನ ಓವನ್ನಿಗೆ ಹಳೆಯ ದುಪ್ಪಟಿ ಸುತ್ತಿ ಅಟ್ಟಕ್ಕೆ ಹಾಕಿದ. ಅದನ್ನು ಕಂಡರೆ ಅವನ ಕಣ್ಣು ತುಂಬುತ್ತಿತ್ತು, ನಾನೂ ತಡೆಯಲಿಲ್ಲ.

ಆಮೇಲೆ ನಿಮ್ಮ ಅವ್ವನವರು ಫೋನ್ ಮಾಡಿ ಅತ್ತರು. ಊರಿಗೆ ಹೋದ ದಿನ ನೀನು ಒಂದೇ ಮಾತು ಆಡಿದೆಯಂತೆ. ವಲಿ ಮುಂದ ನಿಂತು ನಾನೇ ಕಳಕಂಡೆ ಅಂದೆಯಂತೆ. ಅದಾದ ಮೇಲೆ ಮಾತೇ ಇಲ್ಲವಂತೆ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಮೇಲಲ್ಲ. ಆ ಮಾತನ್ನು ನಂಬಿದಂತೆ ಅಟ್ಟ ಹತ್ತಿ ಕೂತಿದ್ದ ಆ ಓವನ್ನಿನ ಮೇಲೆ, ನಮ್ಮ ಅಕ್ಕನ ಮೇಲೆ. ಚನ್ನುವನ್ನು ಕರೆದು ಮೊದಲು ಅದನ್ನು ಕೆಳಗಿಳಿಸು ಅಂದೆ.

ನೋಡು ಶಾಂಭವಿ, ಡಾಕ್ಟರಮ್ಮ ಹೇಳಿದ್ದು ನಮ್ಮಿಬ್ಬರ ಮುಂದೆಯೇ. ಕೂಸು ಮೊದಲಿಂದಲೇ ಸರಿಯಾಗಿ ಬೆಳೆದಿರಲಿಲ್ಲ, ಯಾರು ಏನು ಮಾಡಿದ್ದರಿಂದಲೂ ಆದದ್ದಲ್ಲ ಅಂದರು. ಅವರ ಮಾತು ಬೇಡ, ನನ್ನನ್ನೇ ನೋಡು. ಬಳ್ಳಾರಿಯ ಬೇಸಿಗೆಯಲ್ಲಿ ಕಟ್ಟಿಗೆ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದೆ, ಹೊಟ್ಟೆಯಲ್ಲಿ ಚನ್ನು ಇದ್ದ. ಒಲೆಯ ಕಾವಿಗೆ ಕೂಸು ಹೋಗುವುದಾದರೆ ನಮ್ಮ ಸೀಮೆಯಲ್ಲಿ ಒಬ್ಬರೂ ಹುಟ್ಟುತ್ತಿರಲಿಲ್ಲ. ನಮ್ಮ ಅಕ್ಕನೂ ಹುಟ್ಟುತ್ತಿರಲಿಲ್ಲ, ಆ ಮಾತೂ ಹುಟ್ಟುತ್ತಿರಲಿಲ್ಲ. ಇದನ್ನು ಅವಳಿಗೂ ಫೋನಿನಲ್ಲಿ ಹೇಳಿದ್ದೇನೆ. ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ, ಬಿಡಲಿ.

ಬಾಯಿಂದ ಹೇಳಿದರೆ ನೀನು ನಂಬುವುದಿಲ್ಲ, ನನಗೆ ಗೊತ್ತು. ಅದೇ ಒಲೆಯ ಬಿಸ್ಕತ್ತು ನಿನ್ನ ಕೈಗೆ ಬರಲಿ, ಅದು ಬರೀ ಒಲೆ ಅಂತ ತಿಳಿಯಲಿ ಅನ್ನಿಸಿತು. ಆದರೆ ನೀನು ಮಾಡುವಾಗ ನಾನು ಬಾಗಿಲಲ್ಲಿ ನಿಂತು ಮೂಗು ಮುರಿದವಳೇ ಹೊರತು ಕಲಿತವಳಲ್ಲ. ಮೊದಲ ಸಲ ಮೈದಾಕ್ಕೆ ಬೆಣ್ಣೆ ಚೀಸು ಹಾಕಿ, ಜೋಳದ ಹಿಟ್ಟು ನಾದಿದ ಹಾಗೆ ಮೊಣಕಾಲೂರಿ ನಾದಿದೆ. ನಿಮ್ಮ ಮಾವ ಒಂದನ್ನು ಹಲ್ಲಿಗೆ ಹಚ್ಚಿ ನೋಡಿ ಕೆಳಗಿಟ್ಟರು. ಇವನ್ನ ಇಟಗಿ ಮಾಡಿ ಬಳ್ಳಾರ್ಯಾಗ ಇನ್ನೊಂದು ಕ್ವಾಟಿ ಕಟ್ಟಬೌದು ಅಂದರು. ಆಗ ನೀನು ಬೆರಳ ತುದಿಯಿಂದ ಹಿಟ್ಟನ್ನು ಪುಡಿ ಪುಡಿಯಾಗಿ ಉಜ್ಜುತ್ತಿದ್ದದ್ದು ನೆನಪಾಯಿತು. ಬೆಣ್ಣೆ ಕರಗಬಾರದು ಅತ್ತಿ, ಅದಕ್ಕ ಸ್ವಲ್ಪ ಸ್ವಲ್ಪ ಮಾಡ್ತೀನಿ ಅನ್ನುತ್ತಿದ್ದೆ. ಒಂದು ಟ್ರೇ ಬೇಯುವವರೆಗೆ ನೀನು ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿಡುತ್ತಿದ್ದೆ. ಕಡಾಯಿ ತುಂಬ ಕರಿದು ಊರಿಗೆಲ್ಲ ಹಂಚುವ ನಾನು, ಇದೇನು ಗುಬ್ಬಿಗೆ ಮಾಡಿದ ಅಡಿಗೆ ಅಂತ ನಿನ್ನನ್ನು ಕಾಡಿಸುತ್ತಿದ್ದೆ. ಎರಡನೆಯ ಸಲ ಈ ಬಿಸಿಲಲ್ಲಿ ಎಲ್ಲ ಹಿಟ್ಟನ್ನು ಒಮ್ಮೆಗೇ ಹೊರಗಿಟ್ಟೆ ನೋಡು, ಬಿಸ್ಕತ್ತೆಲ್ಲ ಹರಿದು ಒಂದಕ್ಕೊಂದು ಅಂಟಿಕೊಂಡು ಚಾಪೆಯಾಯಿತು. ಆಮೇಲೆ ಬುದ್ಧಿ ಬಂದು ನಾನೂ ಒಂದೊಂದೇ ಟ್ರೇ ಮಾಡಿದೆ. ನಿನ್ನ ಅಚ್ಚು ಸಿಗಲಿಲ್ಲ, ಚಹ ಕುಡಿಯುವ ಸಣ್ಣ ಲೋಟದಿಂದ ಕತ್ತರಿಸಿದೆ.

ಅವತ್ತು ಬಿಸ್ಕತ್ತು ಬೇಯುವಾಗ ಚನ್ನು ಅಂಗಡಿಯಿಂದ ಬಂದ. ಚೀಸಿನ ವಾಸನೆ ಹೊರಬಾಗಿಲಿನವರೆಗೂ ಹೋಗಿತ್ತು. ಚಪ್ಪಲಿ ಬಿಡದೆ ಅಡಿಗೆಮನೆಗೆ ಓಡಿಬಂದು, ಶಾಂಭವಿ ಬಂದಾಳೇನವ್ವಾ ಅಂದ. ನನ್ನನ್ನು ಕಂಡು ಹಾಗೇ ನಿಂತುಬಿಟ್ಟ. ಕೂಡಿಸಿ ತಟ್ಟೆಯಲ್ಲಿ ಬಿಸಿ ಬಿಸ್ಕತ್ತು ಕೊಟ್ಟೆ. ಒಂದಾದ ಮೇಲೆ ಒಂದು ತಿಂದ, ಒಂದು ಚೆಂಬು ನೀರು ಕುಡಿದ, ಚಲೋ ಅದಾವವ್ವಾ ಅಂದ. ಅಷ್ಟು ಸಾಕಾಯಿತು ನನಗೆ. ಆರಿದ ಕೂಡಲೇ ಡಬ್ಬಿಗೆ ತುಂಬಿದೆ. ನಮ್ಮ ಓಣಿಯ ಹುಲುಗೇಶ ಜೀನ್ಸ್ ಬಟ್ಟೆ ಹೇರಿಕೊಂಡು ಟಾಟಾ ಏಸ್‌ನಲ್ಲಿ ಸಿರುಗುಪ್ಪಕ್ಕೆ ಹೊರಟಿದ್ದ, ಅವನ ಕೈಗೆ ಕೊಟ್ಟು ನಿಮ್ಮ ಮನೆಯ ಗುರುತು ಹೇಳಿದೆ.

ನಾನು ರುಚಿ ನೋಡಿರಲಿಲ್ಲ. ನಿನಗೆ ಗೊತ್ತಲ್ಲ, ಲಿಂಗಕ್ಕೆ ತೋರಿಸದೆ ನಾನು ಮಾಡಿದ್ದನ್ನು ನಾನು ಬಾಯಿಗೆ ಹಾಕುವವಳಲ್ಲ. ಹೋಳಿಗೆಯಿರಲಿ ಸಾರಿರಲಿ, ಕೈ ಅಳತೆಯೇ ನನ್ನ ನಾಲಿಗೆ. ಪೂಜೆ ಆದ ಮೇಲಾದರೂ ತಿನ್ನಬಹುದಿತ್ತು, ಆದರೆ ಚೀಸಿನ ಮೇಲೆ ನನಗೆ ಅನುಮಾನ. ನೀನು ಪಾಕೀಟಿನ ಹಸಿರು ಚುಕ್ಕೆ ತೋರಿಸಿದರೂ ನಾನು ಒಪ್ಪಿದವಳಲ್ಲ. ಹಾಗಾಗಿ ನಿಪ್ಪಟ್ಟಿಗೆ ಹಾಕುವ ಅಳತೆಯಲ್ಲಿ ಉಪ್ಪು ಹಾಕಿ ಕಣ್ಣು ಮುಚ್ಚಿ ಕಳಿಸಿದೆ.

ಸಂಜೆಗೇ ನಿಮ್ಮ ಅವ್ವನವರ ಫೋನ್ ಬಂತು. ಎತ್ತಿದ ಕೂಡಲೇ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಬೀಗ್ತೇರ, ನಮ್ಮ ಹುಡುಗಿ ಬಾಯಿ ಬಿಟ್ಲ್ರಿ ಅಂದರು. ನೀನು ಒಂದು ಬಿಸ್ಕತ್ತು ಕಚ್ಚಿ, ಮುಖ ಕಿವುಚಿ, ಹಾಸಿಗೆಯಲ್ಲಿ ಎದ್ದು ಕೂತೆಯಂತೆ. ಅತ್ತೀಗೆ ಏನಾಗೇತಿ, ಚೀಸಿನ್ಯಾಗ ಉಪ್ಪಿರತೈತಿ, ಬೆಣ್ಯಾಗ ಉಪ್ಪಿರತೈತಿ, ಮ್ಯಾಲ ಯಾಕ ಸುರುವ್ಯಾಳ ಅಂತ ಬೈದೆಯಂತೆ. ನೀರು ಕೇಳಿ ಕುಡಿದೆಯಂತೆ. ನಾನು ಫೋನ್ ಇಟ್ಟು ದೇವರ ಮನೆಗೆ ಹೋಗಿ ಕೂತೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ತಾಯಿ ನಿನ್ನ ಹತ್ತಿರವೇ ಇದ್ದರು, ಉಪ್ಪೊಂದು ನನ್ನ ಕೈಯಿಂದ ಬರಬೇಕಾಗಿತ್ತೇನೋ.

ಚನ್ನುವನ್ನು ಹಿಡಿದು ಕೇಳಿದೆ, ಉಪ್ಪು ಹೆಚ್ಚಾಗಿದ್ದರೆ ಹೇಳಬಾರದೇನೋ ಅಂತ. ತಲೆ ತಗ್ಗಿಸಿ, ಆಕಿ ಮಾಡಿದಂಗ ವಾಸನಿ ಬರಾಕತ್ತಿತ್ತವ್ವಾ, ಉಪ್ಪು ಗೊತ್ತಾಗಲಿಲ್ಲ ಅಂದ. ಅವನು ಬಂದು ನಿನ್ನ ಮುಂದೆ ಇದನ್ನು ಹೇಳುವವನಲ್ಲ, ಅಪ್ಪನ ಹಾಗೆ ಬಾಯಿ ಸತ್ತವನು. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಇವತ್ತು ಮತ್ತೆ ಮಾಡಿದೆ, ಈ ಕಾಗದದ ಜೊತೆ ಆ ಡಬ್ಬಿಯೂ ಬರುತ್ತದೆ. ಸೋಮವಾರ, ಪೂಜೆಗೆ ಕೂತಾಗ ಎಡೆಯ ತಟ್ಟೆಯಲ್ಲಿ ಬಾಳೆಹಣ್ಣಿನ ಪಕ್ಕ ಒಂದು ಬಿಸ್ಕತ್ತು ಇಟ್ಟೆ. ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡೆ. ಗರಿಗರಿಯಾಗಿ ಮುರಿದು, ಅಜವಾನದ ಖಾರ ಬಂದು, ಆಮೇಲೆ ಬೆಣ್ಣೆಯ ಹಾಗೆ ಕರಗಿತು. ಇಷ್ಟು ದಿನ ಇದನ್ನು ಬಿಟ್ಟೆನಲ್ಲ ಅನ್ನಿಸಿತು. ಇನ್ನೊಂದು ತಿಂದೆ, ಅದನ್ನು ಯಾರಿಗೂ ಹೇಳಬೇಡ. ಹಿಂದಿನ ಓಣಿಯ ಇಂದಿರಾಬಾಯಿಯವರು ವಾಸನೆ ಹಿಡಿದು ಬಂದು ಕಾಂಪೌಂಡಿನಿಂದಲೇ ಕೂಗಿದರು. ಕೊಡಲು ಹೋದರೆ, ಬಿಸ್ಕತ್ತು ಇರ್ಲ್ರಿ, ಹುಡುಗಿ ಹೆಂಗದಾಳ ಮೊದ್ಲು ಹೇಳ್ರಿ ಅಂದರು.

ಏನು ಹೇಳಲಿ ಅವರಿಗೆ, ನೀನೇ ಹೇಳು. ನನಗೂ ಮೊಮ್ಮಗು ಹೋಯಿತು ಶಾಂಭವಿ. ನಿಮ್ಮ ಮುಂದೆ ಗಟ್ಟಿಯಾಗಿದ್ದೆ ಅಷ್ಟೇ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ. ಆದರೆ ಅದರ ಹಿಂದೆ ನೀನೂ ಹೋಗಬಾರದು. ಮತ್ತೆ ಕೂಸು ಆಗಲಿ ಬಿಡಲಿ, ಅದನ್ನು ನಾನು ಕೇಳುವುದಿಲ್ಲ, ಈ ಮನೆಯಲ್ಲಿ ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ. ಬಿಸ್ಕತ್ತು ಮಾಡುವುದು ಬಿಡುವುದು ನಿನ್ನ ಮನಸ್ಸು. ನೀನು ಮಾತ್ರ ನನಗೆ ಬೇಕು.

ಹೋದ ಸಲ ನಿಮ್ಮ ಅವ್ವನವರು ಡಬ್ಬಿ ಖಾಲಿ ಕಳಿಸಬಾರದೆಂದು ಹೊಸ ಅಕ್ಕಿ ತುಂಬಿ ಹುಲುಗೇಶನ ಕೈಗೆ ಕೊಟ್ಟಿದ್ದರು. ಚಲೋ ಅಕ್ಕಿ, ಅನ್ನ ಮಲ್ಲಿಗೆಯ ಹಾಗೆ ಅರಳಿತು. ಈ ಸಲ ಅಕ್ಕಿ ಬೇಡ, ಹುಲುಗೇಶನೂ ಬೇಡ ಅಂತ ಹೇಳು. ಡಬ್ಬಿಯನ್ನು ನೀನೇ ಹಿಡಿದುಕೊಂಡು ಬಾ. ಆಗ ಅದು ಖಾಲಿ ಇದ್ದರೂ ನಡೆಯುತ್ತದೆ. ನಾಳೆಯೇ ಅಂತಲ್ಲ, ನಿನ್ನ ಕಾಲಿಗೆ ಕಸುವು ಬಂದ ಮೇಲೆ. ಚನ್ನು ಕರೆಯಲು ಬರುತ್ತಾನೆ, ಒಂದು ಮಾತು ಹೇಳಿ ಕಳಿಸು.

ಬಾಗಿಲ ಕಡೆಗೇ ಕಣ್ಣಿಟ್ಟಿರುವ
ನಿನ್ನ ಅತ್ತೆ
ಗುರುಬಸಮ್ಮ

ತಾ.ಕ.: ಡಬ್ಬಿಯಲ್ಲಿ ಮೇಲಿನ ಸಾಲಿನ ಬಿಸ್ಕತ್ತು ನಿಮ್ಮ ಅಪ್ಪ ಅವ್ವನವರಿಗೆ. ಅದರ ಉಪ್ಪು ಸರಿಯಾಗಿದೆ, ತಿಂದು ನೋಡಿಯೇ ಇಟ್ಟಿದ್ದೇನೆ. ನಡುವೆ ಕಾಗದ ಹಾಸಿದ್ದೇನೆ. ಅದರ ಕೆಳಗಿನ ಸಾಲು ನಿನ್ನದು. ಅದಕ್ಕೆ ಬೇಕಂತಲೇ ಮತ್ತೆ ಉಪ್ಪು ಸುರಿದಿದ್ದೇನೆ. ಫೋನಿನಲ್ಲಿ ಬೇಡ, ಬಂದು ಬೈ.