ತೌಡಿನ ಭರಣಿ ಯಾರದು?

ಮೋಜಿ,
ಮಾರ್ಚ್ ೯, ೨೦೧೭

ಯಸುಹಿರೊ ಅವರೇ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದು ಮತ್ತೆ ಹೊಡೆದುಹಾಕಿದೆ. ಕಾಗದ ಹಾಳಾಗುತ್ತದೆಂದು ಬರೀ ಹೆಸರಿಗೆ ನಿಲ್ಲಿಸಿದ್ದೇನೆ. ನಾನು ಅಕ್ಕನ ಮನೆಗೆ ಬಂದು ಐದು ವಾರವಾಯಿತು. ನೀವು ಸಹಿಯ ಜಾಗದಲ್ಲಿ ನಿಮ್ಮ ಹೆಸರಿನ ಮೊಹರು ಒತ್ತಿ ಕಳಿಸಿದ ವಿಚ್ಛೇದನದ ಅರ್ಜಿ ತಲುಪಿದೆ. ಮೊಹರು ಸೊಟ್ಟಗಿದೆ.

ನನಗೆ ಬೇಕಾದದ್ದು ಒಂದೇ, ಉಪ್ಪಿನಕಾಯಿಗೆ ತರಕಾರಿ ಹೂತಿಡುವ ಅಜ್ಜಿಯ ತೌಡಿನ ಭರಣಿ. ಎಪ್ಪತ್ತು ವರ್ಷ ಅಜ್ಜಿ, ಅಮ್ಮ, ನಾನು ದಿನಾ ಕೈಹಾಕಿ ಕಲಸಿ ಉಳಿಸಿಕೊಂಡು ಬಂದ ಹುಳಿ ಅದು. ನಿಮ್ಮ ಅಂಗಡಿಯ ಮೂಲಂಗಿ ಉಪ್ಪಿನಕಾಯಿಗೆ ಹೆಸರು ಬಂದದ್ದೂ ಅದರಿಂದಲೇ. ಅಕ್ಕನಿಗೆ ಒಂದು ಬಟ್ಟಲು ತೌಡು ಕೊಡಹೊರಟಾಗ ಅತ್ತೆ ನಮ್ಮ ಮದುವೆಯ ಕರಾರು ತೆಗೆದು, "ಅಂಗಡಿ ಅಡುಗೆಮನೆಗೆ ಬಂದಿದ್ದೆಲ್ಲ ಅಂಗಡೀದು ಅಂತ ನೀನೇ ಒಪ್ಕೊಂಡಿದೀಯಲ್ಲಮ್ಮಾ, ಮುಟ್ಬೇಡ" ಎಂದರು. ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತಿರಿ. ನಾನು ಮನೆ ಬಿಟ್ಟದ್ದು ಅದಕ್ಕೇ.

ವಕೀಲೆ ಹಿರಾಬಾಯಾಶಿ ಕರಾರು ನೋಡಿ ನಕ್ಕರು. "ಇದು ಮದುವೆಗೆ ಮುಂಚಿನ ಕರಾರೇ ಅಲ್ಲ ಕಣ್ರೀ, ಮದುವೆ ನೋಂದಣಿ ಆಗಿ ನಾಲ್ಕು ದಿನ ಆದ್ಮೇಲೆ ಮೊಹರು ಹಾಕಿದೀರ!" ಒಳ್ಳೆಯ ದಿನ ತಪ್ಪಿಹೋಗುತ್ತದೆಂದು ಕರಾರು ಸಿದ್ಧವಾಗುವ ಮೊದಲೇ ನಮ್ಮನ್ನು ವಾರ್ಡ್ ಕಚೇರಿಗೆ ಅಟ್ಟಿದ್ದು ಅತ್ತೆಯೇ ತಾನೆ? ಹಾಗಾಗಿ ಇದು ಬರೀ ಗಂಡ ಹೆಂಡತಿಯ ನಡುವಿನ ಒಪ್ಪಂದವಂತೆ. ಮದುವೆ ಇರುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ರದ್ದು ಮಾಡಬಹುದಂತೆ. ನಾನು ಹಿಗ್ಗುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಕಾಗದದಲ್ಲಿ ಮದುವೆ ಇದ್ದರೆ ಸಾಲದು, ನಿಜವಾಗಿ ಇರಬೇಕು. ಮುರಿದುಬಿದ್ದ ಮೇಲೆ ರದ್ದು ಮಾಡಿದರೆ ಕೋರ್ಟು ಒಪ್ಪುವುದಿಲ್ಲ. "ಹೇಳಿ ಮಿನೆಕೊ ಅವ್ರೇ, ನಿಮ್ಮ ಮದುವೆ ಮುರಿದಿದೆಯೋ ಇಲ್ವೋ?"

ತಲೆ ಗಿರ್ರೆಂದಿತು. ಮುರಿದಿದೆ ಎಂದರೆ ಭರಣಿ ನಿಮ್ಮದು. ಮುರಿದಿಲ್ಲ ಎಂದರೆ ನನ್ನದು. ಆದರೆ ಮದುವೆಯೇ ಮುರಿದಿಲ್ಲವೆಂದ ಮೇಲೆ ಭರಣಿ ಹೊತ್ತುಕೊಂಡು ನಾನು ಹೋಗುವುದಾದರೂ ಎಲ್ಲಿಗೆ? ಅಕ್ಕನನ್ನು ಕೇಳಿದರೆ, "ಗಂಡನ್ನ ಕೇಳ್ಬೇಕಾದ್ದನ್ನ ನನ್ನ ಕೇಳ್ತೀಯಲ್ಲೇ, ಪೆದ್ದಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಮುರಿದಿದೆಯೇ? ನಿಮಗೆ ಯಾವತ್ತು ಹಾಗನ್ನಿಸಿತು? ನನಗಂತೂ ನಿಮ್ಮ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟಿದ್ದರೆ ಮುರಿದಂತೆಯೋ ಉಳಿದಂತೆಯೋ ಗೊತ್ತಾಗುತ್ತಿಲ್ಲ.

ತೌಡನ್ನು ದಿನಾ ಕಲಸಿ, ಉಗುರು ಕತ್ತರಿಸಿಕೊಂಡು.

ಕಾಗದದ ಮೇಲಾದರೂ ನಿಮ್ಮವಳು,
ಮಿನೆಕೊ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ವಕೀಲೆ ಕೇಳಿದ ಕೂಡಲೇ ನನ್ನ ಬಾಯಿಂದ "ಇಲ್ಲ, ಮುರಿದಿಲ್ಲ" ಎಂದು ಬಂದುಬಿಟ್ಟಿತು. ಅವರು ಅದನ್ನು ಬರೆದುಕೊಂಡೂ ಆಯಿತು. ಆ ಗಳಿಗೆಯಲ್ಲಿ ನನಗೆ ಭರಣಿಯ ನೆನಪೇ ಇರಲಿಲ್ಲ.